ಆಸ್ಪತ್ರೆ ಹಾಸಿಗೆ ಇದ್ದಷ್ಟು ಕಾಲು ಚಾಚಿ

ಖಾನಾಪುರದಿಂದ ಬೆಳಗಾವಿಗೆ ಬೆಳಿಗ್ಗೆ ಹೊರಡುವ ಬಸ್ಸುಗಳಲ್ಲಿ ಎರಡು ಬಗೆಯ ಚೀಲಗಳು ಕಾಣುತ್ತವೆ. ಒಂದು, ಕಾಲೇಜಿಗೆ ಹೊರಟ ಹುಡುಗ ಹುಡುಗಿಯರ ಹೆಗಲ ಮೇಲಿನದು. ಇನ್ನೊಂದು, ಹಿರಿಯರು ತೊಡೆಯ ಮೇಲಿಟ್ಟುಕೊಂಡು ಕುಳಿತ ಪ್ಲಾಸ್ಟಿಕ್ ಚೀಲ. ಅದರಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆಯ ವರದಿ, ಹಳೆಯ ಔಷಧ ಚೀಟಿಗಳು. ದಾರಿ ಸುಮಾರು 26 ಕಿಲೋಮೀಟರ್. ಎರಡೂ ಚೀಲಗಳ ಖರ್ಚು ಹೊರಡುವುದು ಮನೆಯ ಒಂದೇ ಜೇಬಿನಿಂದ. ಎರಡನೆಯ ಚೀಲ ಭಾರವಾದ ವರ್ಷ ಮೊದಲನೆಯದಕ್ಕೆ ಕುತ್ತು ಬರುತ್ತದೆ. ಕಾಲೇಜಿನ ಫೀಸಿಗೆಂದು ಕೂಡಿಟ್ಟ ಹಣ ಆಸ್ಪತ್ರೆಯ ಕೌಂಟರಿನಲ್ಲಿ ಕರಗುತ್ತದೆ.

ಬೆಳಗಾವಿ ನಗರದ ಮನೆಗಳ ಚಿಂತೆ ಇನ್ನೊಂದು ಬಗೆಯದು. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಫೀಸು, ಪುಸ್ತಕ, ರೇನ್‌ಕೋಟುಗಳ ಜತೆಗೆ ಆರೋಗ್ಯ ವಿಮೆಯ ನವೀಕರಣ ಪತ್ರವೂ ಬಂದರೆ ಮನೆಯ ಯಜಮಾನನ ಹುಬ್ಬು ಗಂಟಿಕ್ಕುತ್ತದೆ. ಕಳೆದ ವರ್ಷಕ್ಕಿಂತ ಕಂತು ಹೆಚ್ಚಿದೆ. ಮನೆಯಲ್ಲಿ ಯಾರೂ ಆಸ್ಪತ್ರೆಗೆ ಸೇರಿಲ್ಲ, ಒಂದು ರೂಪಾಯಿ ಕ್ಲೇಮು ಮಾಡಿಲ್ಲ. ಹಾಗಿದ್ದರೂ ಏಕೆ ಈ ಏರಿಕೆ? ಕಟ್ಟಬೇಕೇ, ಬಿಡಬೇಕೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ವಿಮೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ಪ್ರೌಢಶಾಲೆಯ ಗಣಿತ ಬಲ್ಲ ಯಾವ ವಿದ್ಯಾರ್ಥಿಯೂ ಇದನ್ನು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಬಹುದು.

ಸಾವಿರ ಮನೆಗಳ ಲೆಕ್ಕ

ಸಾವಿರ ಮನೆಗಳವರು ಸೇರಿ ಒಂದು ನಿಧಿ ಮಾಡಿಕೊಂಡರೆಂದು ಇಟ್ಟುಕೊಳ್ಳಿ. ವರ್ಷದಲ್ಲಿ 40 ಮನೆಗಳಲ್ಲಿ ಒಬ್ಬೊಬ್ಬರು ಆಸ್ಪತ್ರೆ ಸೇರಿದರು. ತಲಾ ಬಿಲ್ಲು 50,000 ರೂಪಾಯಿ. ಒಟ್ಟು 20 ಲಕ್ಷ. ಸಾವಿರ ಮನೆಗಳಿಗೆ ಹಂಚಿದರೆ ಮನೆಗೆ 2,000 ರೂಪಾಯಿ. ಇದಕ್ಕೆ ಕಚೇರಿ ವೆಚ್ಚ, ಏಜೆಂಟರ ಕಮಿಷನ್, ಕಂಪನಿಯ ಲಾಭ ಸೇರಿಸಿದರೆ ಬರುವುದೇ ಪ್ರೀಮಿಯಂ, ಅರ್ಥಾತ್ ವಿಮಾ ಕಂತು.

ಮುಂದಿನ ವರ್ಷ ಆಸ್ಪತ್ರೆ ಬಿಲ್ಲು ನೂರಕ್ಕೆ ಹತ್ತರಷ್ಟು ಏರಿ 55,000 ಆಯಿತು. ಆಸ್ಪತ್ರೆ ಸೇರಿದವರು 40ರ ಬದಲು 50. ಈಗ ಒಟ್ಟು 27 ಲಕ್ಷ 50 ಸಾವಿರ. ಮನೆಗೆ ಬಿದ್ದದ್ದು 2,750 ರೂಪಾಯಿ. ಬಿಲ್ಲು ಶೇಕಡಾ 10 ಏರಿದರೆ ಕಂತು ಶೇಕಡಾ 37ಕ್ಕಿಂತ ಹೆಚ್ಚು ಏರಿತು! ನಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಬಾರದಿದ್ದರೂ ಕಂತು ಏರುವ ಗುಟ್ಟು ಇಷ್ಟೇ. ಏರಿಕೆ ಕಂಡು ಗಟ್ಟಿಮುಟ್ಟಾದ ಯುವಕರು ವಿಮೆ ಬಿಟ್ಟರಂತೂ ನಿಧಿಯಲ್ಲಿ ಉಳಿಯುವವರು ಹೆಚ್ಚಾಗಿ ವಯಸ್ಸಾದವರು, ಕಾಯಿಲೆಯವರು. ಆಗ ಕಂತು ಇನ್ನೂ ಮೇಲೇರುತ್ತದೆ.

ಚಕ್ರಬಡ್ಡಿಯ ಪಾಠವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂದು 20,000 ರೂಪಾಯಿ ಇರುವ ಕಂತು ವರ್ಷಕ್ಕೆ ಶೇಕಡಾ 10ರಂತೆ ಏರುತ್ತ ಹೋದರೆ ಏಳು ವರ್ಷಕ್ಕೆ ಸುಮಾರು 39,000, ಹತ್ತು ವರ್ಷಕ್ಕೆ ಸುಮಾರು 52,000 ಆಗುತ್ತದೆ. ಐದನೇ ತರಗತಿಯ ಮಗು ಪದವಿ ಓದುವ ಹೊತ್ತಿಗೆ ಮನೆಯ ವಿಮಾ ಕಂತು ಇಮ್ಮಡಿ ದಾಟಿರುತ್ತದೆ. ಅಪ್ಪ ಅಮ್ಮನ ವಯಸ್ಸು ಏರಿದ್ದಕ್ಕೆ ಬೀಳುವ ಹೆಚ್ಚಳ ಬೇರೆ.

ಮೆಡಿಕ್ಲೇಮಿನಿಂದ ಜಿಎಸ್‌ಟಿವರೆಗೆ

ನಮ್ಮ ದೇಶದಲ್ಲಿ ಕಾರ್ಖಾನೆ ಕಾರ್ಮಿಕರಿಗೆ 1948ರ ಇಎಸ್‌ಐ ಕಾಯ್ದೆ ಬಂದಿತ್ತು. ಆದರೆ ಸಾಮಾನ್ಯ ಕುಟುಂಬ ದುಡ್ಡು ಕೊಟ್ಟು ಕೊಳ್ಳಬಹುದಾದ ಆರೋಗ್ಯ ವಿಮೆ ಬಂದದ್ದು 1986ರಲ್ಲಿ, ಸರ್ಕಾರಿ ವಿಮಾ ಕಂಪನಿಗಳ ‘ಮೆಡಿಕ್ಲೇಮ್’ ಹೆಸರಿನಲ್ಲಿ. 1999ರಲ್ಲಿ ವಿಮಾ ನಿಯಂತ್ರಣ ಕಾಯ್ದೆ ಬಂದ ಮೇಲೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. 2017ರ ಜುಲೈ 1ರಿಂದ ಕಂತಿನ ಮೇಲೆ ಶೇಕಡಾ 18ರ ಜಿಎಸ್‌ಟಿ ಬಿತ್ತು. 20,000 ರೂಪಾಯಿ ಕಂತಿಗೆ 3,600 ರೂಪಾಯಿ ತೆರಿಗೆ! ಕಾಯಿಲೆಯ ಭಯಕ್ಕೆ ತೆರಿಗೆಯೇ ಎಂಬ ಆಕ್ಷೇಪ ಎಂಟು ವರ್ಷ ಕೇಳಿಬಂದ ಮೇಲೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಗೆ ಈ ತೆರಿಗೆ ಪೂರ್ತಿ ಹೋಯಿತು.

ಇನ್ನೂ ಕೆಲವು ನಿಯಮಗಳು ಜನರ ಕಡೆಗೆ ವಾಲಿವೆ. 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ರೂಢಿಗೆ 2024ರ ಏಪ್ರಿಲ್‌ನಲ್ಲಿ ಆಧಾರ ತಪ್ಪಿತು. ಮೊದಲೇ ಇರುವ ಕಾಯಿಲೆಗಳಿಗೆ ಕಾಯಬೇಕಾದ ಅವಧಿ ನಾಲ್ಕು ವರ್ಷದಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಯಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಯು ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜತೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಯಿತು.

ಕೋಣೆ ಬಾಡಿಗೆಯ ಮರ್ಮ

‘ಎಲ್ಲಾ ಕ್ಯಾಶ್‌ಲೆಸ್ ಐತ್ರೀ, ಒಂದ್ ರೂಪಾಯಿ ಕೊಡೂದಿಲ್ಲ’ ಎಂಬ ಮಾತನ್ನು ನಂಬಿ ಆಸ್ಪತ್ರೆ ಸೇರಿದವರು ಡಿಸ್ಚಾರ್ಜ್ ದಿನ ಬೆಚ್ಚಿಬೀಳುವುದುಂಟು. ಇದಕ್ಕೆ ಹೆಚ್ಚಿನ ಸಲ ಕಾರಣ ಕೋಣೆಯ ಬಾಡಿಗೆ.

ಒಂದು ಮನೆಯವರ ಪಾಲಿಸಿ 3 ಲಕ್ಷದ್ದು. ಕೋಣೆ ಬಾಡಿಗೆಗೆ ದಿನಕ್ಕೆ ಶೇಕಡಾ 1ರ ಮಿತಿ, ಎಂದರೆ 3,000 ರೂಪಾಯಿ. ರೋಗಿಗೆ ಆರಾಮವಾಗಿರಲೆಂದು 6,000 ರೂಪಾಯಿಯ ಕೋಣೆ ಹಿಡಿದರು. ಐದು ದಿನಕ್ಕೆ ಕೋಣೆಯ ಬಾಡಿಗೆ 30,000. ವೈದ್ಯರ ಶುಲ್ಕ, ಶಸ್ತ್ರಕ್ರಿಯೆ, ಶುಶ್ರೂಷೆ ಸೇರಿ 1,20,000. ಔಷಧ ಮತ್ತು ಪರೀಕ್ಷೆಗೆ 50,000. ಒಟ್ಟು 2 ಲಕ್ಷ. ಪಾಲಿಸಿ ಮೂರು ಲಕ್ಷದ್ದಲ್ಲವೇ, ಬಾಡಿಗೆಯ ಹೆಚ್ಚುವರಿ 15,000 ಕೊಟ್ಟರೆ ಮುಗಿಯಿತು ಎಂದು ಮನೆಯವರು ಎಣಿಸುತ್ತಾರೆ.

ಕಂಪನಿ ಎಣಿಸುವ ರೀತಿ ಬೇರೆ. ಕೋಣೆ ಅರ್ಹತೆಗಿಂತ ಎರಡು ಪಟ್ಟು ದುಬಾರಿ; ಆದ್ದರಿಂದ ಅದಕ್ಕೆ ಅಂಟಿಕೊಂಡ ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಖರ್ಚಿನಲ್ಲೂ ಅರ್ಧವನ್ನೇ ಕೊಡುತ್ತದೆ. ಔಷಧ, ಪರೀಕ್ಷೆಗಳಿಗೆ ಈ ಕಡಿತ ಇಲ್ಲ. ಕಂಪನಿ ಕೊಟ್ಟದ್ದು 15,000 + 60,000 + 50,000, ಒಟ್ಟು 1,25,000. ಮನೆಯವರ ಪಾಲಿಗೆ 75,000!

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದ್ದು ಆಸ್ಪತ್ರೆಯ ಹಾಸಿಗೆಗೂ ಒಪ್ಪುತ್ತದೆ. ಪಾಲಿಸಿಗೆ ಇಂಥ ಮಿತಿ ಇದ್ದರೆ ಆ ಮಿತಿಯೊಳಗಿನ ಕೋಣೆಯನ್ನೇ ಕೇಳಬೇಕು. ಮಿತಿಯೇ ಇಲ್ಲದ ಪಾಲಿಸಿಗಳೂ ಇವೆ, ಅವುಗಳ ಕಂತು ತುಸು ಹೆಚ್ಚು.

ಕಾರ್ಡಿನ ಬಲ

ಇಷ್ಟೆಲ್ಲ ಕಂತು ಕಟ್ಟಲಾಗದ ಮನೆಗಳೇ ಜಿಲ್ಲೆಯಲ್ಲಿ ಹೆಚ್ಚು. ಅವುಗಳಿಗೆ ಆಸರೆಯಾದದ್ದು ಸಹಕಾರ ಹಾಗೂ ಸರ್ಕಾರ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಅದೇ ಸಹಕಾರದ ಬಲದ ಮೇಲೆ 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಜಾರಿಯಾಯಿತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆಗೆ ಸಹಕಾರ ಇಲಾಖೆ ರೂಪ ಕೊಟ್ಟಿತು. ಸಹಕಾರ ಸಂಘದ ಸದಸ್ಯನಾದ ರೈತ ಕಟ್ಟಬೇಕಾದದ್ದು ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ ಐದು ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ನಿಂತ ಯೋಜನೆಗೆ 2023ರ ಜನವರಿಯಲ್ಲಿ ಮರುಜೀವ ಬಂತು. ಆಗ ನಿಗದಿಯಾದ ವಂತಿಗೆ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ 500, ನಗರದವರಿಗೆ 1,000 ರೂಪಾಯಿ. ಚಿಕಿತ್ಸೆಯ ಮಿತಿ 5 ಲಕ್ಷ. ತಲೆಗೆ 60 ಇದ್ದದ್ದು ನಾಲ್ವರಿಗೆ 500 ಆಯಿತು. ಆದರೂ ಖಾಸಗಿ ವಿಮೆಯ ಮುಂದೆ ಇದು ಅಗ್ಗವೇ. ವರ್ಷವರ್ಷವೂ ನೋಂದಣಿಗೆ ಕೊನೆಯ ದಿನ ಇರುತ್ತದೆ. ಅದನ್ನು ಸಂಘದ ಕಚೇರಿಯಲ್ಲಿ ವಿಚಾರಿಸಿಟ್ಟುಕೊಳ್ಳಬೇಕು.

ಬಡತನ ರೇಖೆಗಿಂತ ಕೆಳಗಿನವರಿಗೆ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಅದೇ ವರ್ಷ ಬೆಳಗಾವಿ ವಿಭಾಗಕ್ಕೆ ಬಂತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ ಉಚಿತ ಚಿಕಿತ್ಸೆ. ಇದರಿಂದ ಪ್ರಯೋಜನವಾಯಿತೇ? ಯೋಜನೆ ಜಾರಿಯಾದ ಭಾಗದ ಹಳ್ಳಿಗಳನ್ನೂ ಅದರ ಗಡಿಗೆ ಹೊಂದಿಕೊಂಡ, ಆಗಿನ್ನೂ ಯೋಜನೆ ತಲುಪದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯೋಜನೆಯ ಚಿಕಿತ್ಸೆಯಿಂದ ತಡೆಯಬಹುದಾಗಿದ್ದ ಕಾಯಿಲೆಗಳ ಸಾವು ಯೋಜನೆ ಇದ್ದ ಬಡ ಕುಟುಂಬಗಳಲ್ಲಿ ಶೇಕಡಾ 0.32, ಇಲ್ಲದವರಲ್ಲಿ ಶೇಕಡಾ 0.90. ಒಂದು ಕಾರ್ಡು ಜೀವ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2018ರ ಅಕ್ಟೋಬರ್‌ನಿಂದ ಇವೆಲ್ಲ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಎಂಬ ಒಂದೇ ಕೊಡೆಯಡಿ ಬಂದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ 70 ಪಾಲು ಮನೆಯವರದೇ. ಸಣ್ಣ ಅಂಗಡಿಯವರು, ಖಾಸಗಿ ಶಾಲೆಯ ಶಿಕ್ಷಕರು, ಕಡಿಮೆ ಸಂಬಳದ ಗುಮಾಸ್ತರು ಸಿಕ್ಕಿಬೀಳುವುದು ಇಲ್ಲಿಯೇ. ಬಡವರ ಕಾರ್ಡು ಅವರಿಗಿಲ್ಲ. ಖಾಸಗಿ ವಿಮೆಯ ಕಂತು ಕೈಗೆಟುಕುವುದಿಲ್ಲ.

ಇನ್ನೊಂದು ಮಾತು. ಈ ಯೋಜನೆಯಲ್ಲಿ ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಖಾನಾಪುರದವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರ ಬೆಳಗಾವಿಯ ಖಾಸಗಿ ಆಸ್ಪತ್ರೆಗೆ ಬಂದರೆ ಕಾರ್ಡು ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದೆ ಹೋಗಬಹುದು.

ಗಡಿಯಾಚೆಯ ಆಸ್ಪತ್ರೆ

ಬೆಳಗಾವಿಗೆ ವೈದ್ಯಕೀಯದ ಹೆಸರು ಹೊಸದಲ್ಲ. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಸರ್ಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ‘ಬಿಮ್ಸ್’, 2005ರಲ್ಲಿ ಜಿಲ್ಲಾ ಆಸ್ಪತ್ರೆಯನ್ನು ಆಧರಿಸಿ ಬೆಳೆಯಿತು. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವೆಯ ರೋಗಿಗಳೂ ಇಲ್ಲಿಗೆ ಬರುತ್ತಾರೆ.

ಇಲ್ಲಿಯವರು ಅತ್ತ ಹೋಗುವುದೂ ಇದೆ. ಖಾನಾಪುರದ ಘಟ್ಟದ ಅಂಚಿನವರಿಗೆ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಳೆಯ ಪರಿಚಯ. 2018ರ ಜನವರಿಯಿಂದ ಆ ಆಸ್ಪತ್ರೆ ಗೋವಾ ನಿವಾಸಿಗಳಲ್ಲದವರಿಂದ ಶುಲ್ಕ ಪಡೆಯತೊಡಗಿತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ಗಡಿಯ 865 ಹಳ್ಳಿ ಪಟ್ಟಣಗಳಿಗೆ ವಿಸ್ತರಿಸುವುದಾಗಿ ಘೋಷಿಸಿದಾಗ ಕರ್ನಾಟಕ ಬಲವಾಗಿ ವಿರೋಧಿಸಿತು. ಗಡಿ ವಾದ ಹಳೆಯದು. ಅದು ಆರೋಗ್ಯ ಕಾರ್ಡಿನವರೆಗೂ ಬಂದದ್ದು ಹೊಸದು. ರಾಜ್ಯದ ಗೆರೆ ದಾಟಿದ ಕೂಡಲೇ ದರ, ಅರ್ಹತೆ, ಕಾಗದಪತ್ರ ಎಲ್ಲವೂ ಬದಲಾಗುತ್ತವೆ ಎಂಬುದನ್ನು ಗಡಿನಾಡಿನ ಕುಟುಂಬಗಳು ಮರೆಯುವಂತಿಲ್ಲ.

ಕಾಡಿನ ದಾರಿಗೆ ವಿಮೆ ಎಲ್ಲಿ?

ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚು ದಟ್ಟ ಕಾಡು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದೊಳಗೆ ಆಮಗಾಂವ್, ಗವಾಳಿ, ಕೃಷ್ಣಾಪುರ, ತಳೇವಾಡಿಯಂಥ ಪುಟ್ಟ ಹಳ್ಳಿಗಳು. ಆಮಗಾಂವ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. 2024ರ ಜುಲೈನ ಮಳೆಯಲ್ಲಿ ಆ ಹಳ್ಳಿಯ ಮಹಿಳೆಯೊಬ್ಬರಿಗೆ ಎದೆನೋವು ಬಂದಾಗ ಊರಿನವರು ಕಟ್ಟಿಗೆಯ ಸಿದಿಗೆ ಕಟ್ಟಿ, ಕಾಡಿನ ಕೆಸರುದಾರಿಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತುಕೊಂಡು ಬಂದರು. ಆಂಬುಲೆನ್ಸ್ ಸಿಕ್ಕಿದ್ದು ಆ ಮೇಲೆ.

ರಾಜ್ಯದಲ್ಲಿ 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಸೇವೆ ಉಚಿತವಾಗಿದೆ. ಐದು ಲಕ್ಷದ ಕಾರ್ಡೂ ಉಚಿತ. ಆದರೆ ಹಳ್ಳ ತುಂಬಿದ ದಿನ, ರಸ್ತೆ ಇಲ್ಲದ ಊರಿನಲ್ಲಿ ಎರಡೂ ಆ ಕಡೆಯ ದಂಡೆಯಲ್ಲೇ ನಿಲ್ಲುತ್ತವೆ. ಆಸ್ಪತ್ರೆಯ ಬಿಲ್ಲಿಗೆ ವಿಮೆ ಉಂಟು. ಆಸ್ಪತ್ರೆ ಇಲ್ಲದ್ದಕ್ಕೆ, ದಾರಿ ಇಲ್ಲದ್ದಕ್ಕೆ, ವೈದ್ಯರು ಇಲ್ಲದ್ದಕ್ಕೆ ಯಾವ ಕಂಪನಿಯೂ ಪಾಲಿಸಿ ಮಾರುವುದಿಲ್ಲ. ಊರ ಹತ್ತಿರ ವೈದ್ಯರು ಮತ್ತು ಔಷಧ ಎರಡೂ ಇರುವ ಸರ್ಕಾರಿ ಆಸ್ಪತ್ರೆಯೇ ಬಡವರ ಪಾಲಿನ ಮೊದಲ ವಿಮೆ. ಲೆಕ್ಕವೂ ಇದನ್ನೇ ಹೇಳುತ್ತದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ, ಹೆರಿಗೆ ಬಿಟ್ಟು ಇತರ ಕಾರಣಕ್ಕೆ ಒಮ್ಮೆ ಸರ್ಕಾರಿ ಆಸ್ಪತ್ರೆ ಸೇರಿದರೆ ಆಗುತ್ತಿದ್ದ ಸರಾಸರಿ ವೈದ್ಯಕೀಯ ವೆಚ್ಚ 4,452 ರೂಪಾಯಿ, ಖಾಸಗಿಯಲ್ಲಿ 31,845. ಏಳು ಪಟ್ಟು!

ದರಪಟ್ಟಿಗಾಗಿ ನಡೆದ ಜಗಳ

ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಬೇಡವೇ ಎಂಬ ಪ್ರಶ್ನೆ ಬೆಳಗಾವಿಯಲ್ಲೇ ಒಮ್ಮೆ ದೊಡ್ಡ ಸದ್ದು ಮಾಡಿತು. 2017ರ ನವೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದ್ದಾಗ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯ ವಿರುದ್ಧ ರಾಜ್ಯದ ನಾನಾ ಕಡೆಯ ವೈದ್ಯರು ಇಲ್ಲಿಗೆ ಬಂದು ಪ್ರತಿಭಟಿಸಿದರು. ಆಸ್ಪತ್ರೆಗಳು ಮುಚ್ಚಿ ರೋಗಿಗಳು ಪರದಾಡಿದರು. ಜೈಲು ಶಿಕ್ಷೆಯ ಭಯದಲ್ಲಿ ಚಿಕಿತ್ಸೆ ಕೊಡುವುದು ಹೇಗೆ, ಸರ್ಕಾರಿ ಆಸ್ಪತ್ರೆಗಳಿಗೆ ಈ ಕಾನೂನು ಏಕಿಲ್ಲ ಎಂಬುದು ವೈದ್ಯರ ವಾದ. ಬಿಲ್ಲು ಎಷ್ಟಾದೀತೆಂದು ಮೊದಲೇ ತಿಳಿಯುವ ಹಕ್ಕು ರೋಗಿಗೆ ಬೇಡವೇ ಎಂಬುದು ಇನ್ನೊಂದು ಕಡೆಯ ವಾದ. ಕೊನೆಗೆ ಕೆಲವು ಅಂಶಗಳನ್ನು ಸಡಿಲಿಸಿ ಮಸೂದೆ ಅಂಗೀಕಾರವಾಯಿತು. ದರಪಟ್ಟಿ ಪ್ರದರ್ಶಿಸಬೇಕು, ತುರ್ತು ರೋಗಿಗೆ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕು, ಬಾಕಿ ಇದೆಯೆಂದು ಶವವನ್ನು ತಡೆಹಿಡಿಯಬಾರದು ಎಂಬ ಅಂಶಗಳು ಉಳಿದವು.

ದರ ನಿಯಂತ್ರಣದಿಂದ ಆಗುವ ಲಾಭಕ್ಕೆ ಅದೇ ವರ್ಷದ ಇನ್ನೊಂದು ಉದಾಹರಣೆ ಇದೆ. ಹೃದಯದ ರಕ್ತನಾಳಕ್ಕೆ ಹಾಕುವ, ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರವು 29,600 ರೂಪಾಯಿಯ ಮಿತಿ ಹಾಕಿತು. ವಿಮೆ ಇದ್ದವರಿಗೂ ಇಲ್ಲದವರಿಗೂ ಒಂದೇ ದಿನ ಉಪಕಾರವಾಯಿತು.

ಮನೆಯಲ್ಲಿ ಮಾಡಬೇಕಾದ್ದು

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಎಲ್ಲರೂ ಆರೋಗ್ಯವಾಗಿರುವಾಗಲೇ ಒಂದು ಸಂಜೆ ಕುಳಿತು ಕಾಗದಗಳನ್ನು ಹರಡಿಕೊಳ್ಳುವುದು ಒಳ್ಳೆಯದು. ಪಾಲಿಸಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಅದನ್ನು ಓದಬಲ್ಲವರು ಕಾಲೇಜಿಗೆ ಹೋಗುವ ಮಗಳೋ ಮಗನೋ ಆಗಿರಬಹುದು. ಕೋಣೆ ಬಾಡಿಗೆಯ ಮಿತಿ, ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ, ರೋಗಿಯೇ ಭರಿಸಬೇಕಾದ ಪಾಲು, ಬೆಳಗಾವಿಯಲ್ಲಿ ಕ್ಯಾಶ್‌ಲೆಸ್ ಸೌಲಭ್ಯವಿರುವ ಆಸ್ಪತ್ರೆಗಳ ಪಟ್ಟಿ – ಈ ನಾಲ್ಕನ್ನು ಅವರು ಹುಡುಕಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡಲಿ.

ಬಿಪಿ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬಚ್ಚಿಡಬಾರದು. ಹೇಳಿದರೆ ಕಂತು ಹೆಚ್ಚೀತು, ಹೇಳದಿದ್ದರೆ ಕ್ಲೇಮೇ ತಿರಸ್ಕಾರವಾದೀತು. ಸತತ ಐದು ವರ್ಷ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಕೊಡಲಿಲ್ಲ ಎಂಬ ಕಾರಣಕ್ಕೆ ಕಂಪನಿ ಕ್ಲೇಮು ನಿರಾಕರಿಸುವಂತಿಲ್ಲ. ಆದ್ದರಿಂದ ಒಂದು ವರ್ಷದ ಕಂತು ಭಾರವಾಯಿತೆಂದು ಪಾಲಿಸಿಯನ್ನು ಕೈಬಿಟ್ಟರೆ ಈ ಐದು ವರ್ಷಗಳ ಫಲವೂ ಹೋಗುತ್ತದೆ. ಕಂಪನಿ ಬದಲಿಸುವುದಾದರೆ ಕಾಯುವಿಕೆಯ ಅವಧಿ ನಷ್ಟವಾಗದಂತೆ ನವೀಕರಣಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಅರ್ಜಿ ಹಾಕಬಹುದು. ಕ್ಲೇಮಿನಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಸಮಾಧಾನ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ದಿನವೂ ನುಂಗುವ ಬಿಪಿ ಮಾತ್ರೆ, ಜ್ವರಕ್ಕೆ ವೈದ್ಯರನ್ನು ಕಾಣುವ ಖರ್ಚನ್ನು ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಅಲ್ಲಿ ಉಳಿತಾಯ ಬೇಕಾದರೆ ಜನೌಷಧಿ ಕೇಂದ್ರದ ದಾರಿ ಹಿಡಿಯಬೇಕು. ಅದೇ ಔಷಧ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರು ಸರಿಯಾಗಿದೆಯೇ, ಆಧಾರ್‌ಗೂ ಅದಕ್ಕೂ ತಾಳೆ ಇದೆಯೇ ಎಂದು ನೋಡುವುದೂ ಇದೇ ಸಂಜೆಯ ಕೆಲಸ. ಹೆಸರಿನ ಒಂದು ಅಕ್ಷರ ತಪ್ಪಿದರೆ ತುರ್ತು ವೇಳೆಯಲ್ಲಿ ಕಾರ್ಡು ಕಾಗದವಾಗಿ ಉಳಿದೀತು.

ಕಂತು ಏರುವುದನ್ನು ಒಂದು ಮನೆ ತಡೆಯಲಾರದು. ಆಸ್ಪತ್ರೆಯ ದರವನ್ನು ಇಳಿಸಲಾರದು. ಆದರೆ ತನ್ನ ಹಾಸಿಗೆಯ ಉದ್ದ ಎಷ್ಟೆಂದು ಮೊದಲೇ ಅಳೆದಿಟ್ಟುಕೊಳ್ಳಬಹುದು. ಬರೆದಿಟ್ಟ ಆ ಒಂದು ಹಾಳೆ ಹಿರಿಯರ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇಯ ಜತೆಗಿದ್ದರೆ, ಮಕ್ಕಳ ಫೀಸಿನ ಹಣ ಉಳಿಯುವ ಸಂಭವ ಅಷ್ಟು ಹೆಚ್ಚು.